ನಕಲಿಯಾಗಿರಲಿ ಆ ಕೆಂಪು ಗಿಟಾರು

ಹಳೆಯ ವಸ್ತು ಯಾವುದೇ ಕೈಗೆ ಸಿಕ್ಕರೂ ಮೊದಲು ಅದರ ಸ್ಕ್ರೂ ನೋಡುವ ಚಟ ನನಗೆ. ಗಡಿಯಾರವಿರಲಿ, ಹೊಲಿಗೆ ಯಂತ್ರವಿರಲಿ, ಮುಂದಿನ ಅಂದಚಂದ ಬಿಟ್ಟು ಸೀದಾ ಹಿಂದಕ್ಕೆ ಹೊರಳಿಸುತ್ತೇನೆ. ಸ್ಕ್ರೂಗಳ ತಲೆ ಸವೆದಿದೆಯೇ, ಯಾರಾದರೂ ಬಿಚ್ಚಿದ ಗುರುತಿದೆಯೇ ಎಂದು ನೋಡದಿದ್ದರೆ ಸಮಾಧಾನವಿಲ್ಲ. ತಂಗಿಯ ಮಗನಿಗೆ ಹೆಣ್ಣು ನೋಡಲು ಧಾರವಾಡಕ್ಕೆ ಹೋಗಿದ್ದಾಗ ಹುಡುಗಿ ಹಾರ್ಮೋನಿಯಂ ಇಟ್ಟುಕೊಂಡು ಹಾಡಿದಳು. ಹಾಡು ಮುಗಿದ ಮೇಲೆ ಎಲ್ಲರೂ "ಛಲೋ ಹಾಡಿದಿ ನೋಡವ್ವಾ" ಎಂದರು. ನಾನು ಮಾತ್ರ ಪೆಟ್ಟಿಗೆಯನ್ನು ಹೊರಳಿಸಿ, "ಇದರ ಹಿಂದಿನ ಹಲಿಗಿ ಯಾರೋ ಬದಲಿ ಮಾಡ್ಯಾರ್ರೀ" ಎಂದುಬಿಟ್ಟೆ. ಹುಡುಗಿಯ ಅಪ್ಪನ ಮುಖ ಸಣ್ಣದಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ಕಸ್ತೂರಿ ಇಷ್ಟೇ ಹೇಳಿದಳು: "ಪುಣ್ಯಾಕ್ಕ ಹುಡುಗೀನ್ನ ಹೊಳ್ಳಿಸಿ ನೋಡ್ಲಿಲ್ಲ ನೀವು."

ಬಿಚ್ಚುವ ಹುಚ್ಚು ಸಣ್ಣಂದಿನಿಂದಲೂ ಇತ್ತು. ಅಪ್ಪನ ಅಲಾರಾಂ ಗಡಿಯಾರವನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದೆ. ಎಲ್ಲ ಮುಗಿದ ಮೇಲೆ ಹಲ್ಲಿನ ಚಕ್ರವೊಂದು ಕೈಯಲ್ಲೇ ಉಳಿಯಿತು. ವಿಚಿತ್ರವೆಂದರೆ ಅಲ್ಲಿಯವರೆಗೆ ಹಿಂದೆ ಬೀಳುತ್ತಿದ್ದ ಗಡಿಯಾರ ಆಮೇಲೆ ಸರಿಯಾಗಿ ನಡೆಯತೊಡಗಿತು. ಆ ಚಕ್ರವನ್ನು ಚಡ್ಡಿಯ ಕಿಸೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಅಪ್ಪ ಬಂದವರ ಮುಂದೆಲ್ಲ "ನನ್ನ ಮಗಾ ಗಡಿಯಾರ ರಿಪೇರಿ ಮಾಡ್ಯಾನ" ಎಂದು ಹೇಳುವಾಗ ಅದು ತೊಡೆಗೆ ಚುಚ್ಚುತ್ತಿತ್ತು.

ಆದರೆ ಈ ಚಟಕ್ಕೆ ಒಂದು ಘನತೆ ಬಂದದ್ದು ದಾಂಡೇಲಿಯಲ್ಲಿ, ಎಪ್ಪತ್ತರ ದಶಕದಲ್ಲಿ. ಪೇಪರ್ ಮಿಲ್ಲಿನಲ್ಲಿ ಸುಟ್ಟ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ ನನ್ನದು. ಎಲ್ಲರೂ ನನ್ನನ್ನು ಮಿಸ್ತ್ರಿ ಎನ್ನುತ್ತಿದ್ದರು. ಮಿಲ್ಲಿನ ಕ್ಲಬ್ಬಿನಲ್ಲಿ ಹಿಂದೊಮ್ಮೆ ಸಾಹೇಬರ ಕುಣಿತಕ್ಕೆ ಬ್ಯಾಂಡಿತ್ತಂತೆ. ಬ್ಯಾಂಡು ಮುರಿದು, ಸಾಹೇಬರು ಊರು ಬಿಟ್ಟು ಎಷ್ಟೋ ವರ್ಷವಾದ ಮೇಲೆ ಕ್ಲಬ್ಬಿನ ಉಗ್ರಾಣ ಖಾಲಿ ಮಾಡುವಾಗ ಒಂದು ಕರೆಂಟಿನ ಗಿಟಾರು ಸಿಕ್ಕಿತು. ಬೇಕಾದರೆ ಒಯ್ಯಿ ಎಂದರು. ಒಯ್ದೆ.

ಕರೆಂಟಿನ ಗಿಟಾರು ಎಂದರೆ ನಮ್ಮ ತಂಬೂರಿಯ ಹಾಗೆ ಒಳಗೆ ಪೊಳ್ಳಲ್ಲ. ಅದೊಂದು ಗಟ್ಟಿ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತವಿರುತ್ತದೆ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ. ಮೇಲಿನ ತಂತಿ ನಡುಗಿದರೆ ಆ ಸುರುಳಿಯಲ್ಲಿ ಕರೆಂಟು ಹುಟ್ಟಿ ದನಿಯಾಗುತ್ತದೆ. ತಂತಿ ಸುತ್ತಿಯೇ ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ಬೇರೆ ಆಮಂತ್ರಣ ಬೇಕೆ? ಹಾಳಾಗಿದ್ದ ಸುರುಳಿಯನ್ನು ಮತ್ತೆ ಸುತ್ತಿದೆ. ಮನೆಯ ರೇಡಿಯೊದ ಬೆನ್ನಿಗೆ ವಾಯರು ಸಿಕ್ಕಿಸಿ ತಂತಿ ಮೀಟಿದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಸ್ತೂರಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಪಕ್ಕದ ಕ್ವಾರ್ಟರ್ಸಿನವರು ಬಂದು, ಏನಾದರೂ ಸುಟ್ಟಿತೇ ಎಂದು ಕೇಳಿದರು.

ನುಡಿಸಲು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೂ ಗಿಟಾರು ಕೂಡಿಹಾಕುವ ಹುಚ್ಚು ಹತ್ತಿತು. ಎರಡನೆಯದು ಸಿಕ್ಕಿದ್ದು ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ. ಸನವಳ್ಳಿಯ ಗೋವಿನಜೋಳದ ವ್ಯಾಪಾರಿಯೊಬ್ಬ ಸುದ್ದಿ ಕೊಟ್ಟಿದ್ದ. ಅಲ್ಲಿ ಸ್ವೆಟರ್ ಮಾರುವ ಹಿರಿಯರೊಬ್ಬರು ಅಂಗಡಿಯ ಮೂಲೆಯಲ್ಲಿ ಅದನ್ನು ನಿಲ್ಲಿಸಿದ್ದರು. ಗಿಟಾರಿನ ಕುತ್ತಿಗೆಯ ತುದಿಗೆ, ಅದರ ತಲೆಯ ಮೇಲೆ ಅಮೆರಿಕದ ಕಂಪನಿಯ ಹೆಸರು. ನಾನು ಅಭ್ಯಾಸದಂತೆ ಹೊರಳಿಸಿ, ಮೇಲಿನ ಪಟ್ಟಿ ಬಿಚ್ಚಿ ನೋಡಿದರೆ ಒಳಗೆಲ್ಲ ಜಪಾನಿ ಅಕ್ಷರ. ಮಹಾ ಕಳ್ಳನನ್ನು ಹಿಡಿದವನ ಹಾಗೆ ತಲೆಯೆತ್ತಿದೆ. ಅವರು ಚಹಾದ ಬಟ್ಟಲು ಕೈಗಿಟ್ಟು, "ನಾಮ್ ನಕಲಿ, ಆವಾಜ್ ಅಸಲಿ" ಎಂದು ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಬೆಣ್ಣೆ, ಉಪ್ಪು ಹಾಕಿದ ಆ ಚಹಾ ಕುಡಿದು ನನ್ನ ಹೆಮ್ಮೆಯೂ ಇಳಿಯಿತು. ಗಿಟಾರನ್ನು ಮಾತ್ರ ಬಸ್ಸಿನ ಮೇಲೆ ಹಾಕಿಸದೆ ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಇಷ್ಟಾದ ಮೇಲೆ ಮಿಲ್ಲಿನಲ್ಲಿ ನನ್ನ ಹೆಸರು ಹಬ್ಬಿತು. ಅಸಲಿ ಯಾವುದು, ನಕಲಿ ಯಾವುದು ಮಿಸ್ತ್ರಿ ಹೇಳುತ್ತಾನೆ ಎಂದು ಜನ ಏನೇನೋ ತರುತ್ತಿದ್ದರು. ವಾಚು ತಂದರು, ಪೆನ್ನು ತಂದರು. ಒಬ್ಬನಂತೂ ಮಾವನ ಮನೆಯಿಂದ ಬಂದ ಉಂಗುರವನ್ನೇ ತಂದ. ಅದು ನನ್ನ ವಿಷಯವಲ್ಲ ಎಂದು ಕೈಮುಗಿದು ಕಳಿಸಿದೆ.

ನಮ್ಮ ಮಿಲ್ಲಿನ ಬಿದಿರಿನ ಯಾರ್ಡಿನಲ್ಲಿ ಬಸ್ತ್ಯಾವ್ ಎಂಬವನಿದ್ದ. ಹಳಿಯಾಳದಾಚೆ ಕಾಡಂಚಿನ ಹಳ್ಳಿಯ ಸಿದ್ದಿ ಕ್ರೈಸ್ತರ ಮನೆಯವನು. ತಂದೆ ಬೇಗ ಹೋಗಿದ್ದರಿಂದ ಸಣ್ಣ ವಯಸ್ಸಿಗೇ ಮನೆಯ ಯಜಮಾನನಾಗಿದ್ದ. ಮಾತು ಕಡಿಮೆ, ಸಿಟ್ಟು ಜಾಸ್ತಿ, ಆದರೆ ನನ್ನ ಮೇಲೆ ಏನೋ ಅಭಿಮಾನ. ಒಂದು ಡಿಸೆಂಬರಿನಲ್ಲಿ, "ಮಿಸ್ತ್ರೀ, ನಮ್ಮ ಹಬ್ಬಕ್ಕ ನೀವು ಬರಬೇಕ್ರಿ. ಅವ್ವ ಹೇಳ್ಯಾಳ" ಎಂದು ಕರೆದ. ಹೋದೆ.

ಅವನ ತಾಯಿ ರೋಸಾಬಾಯಿ ಮಣೆ ಹಾಕಿ ಕೂಡಿಸಿ, ತಟ್ಟೆ ತುಂಬ ಕರ್ಜಿಕಾಯಿ ಇಟ್ಟರು. ತಿನ್ನುತ್ತ ಸುಮ್ಮನೆ ಮೇಲೆ ನೋಡಿದೆ. ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಏನೋ ಕಂಡಿತು. ಒಂದು ಕಡೆ ಉದ್ದ ಕುತ್ತಿಗೆ, ಇನ್ನೊಂದು ಕಡೆ ಅಗಲ. ಆ ಆಕಾರ ನನಗೆ ಗೊತ್ತಾಗದೆ ಇದ್ದೀತೇ? ಬಾಯಲ್ಲಿದ್ದದ್ದು ನುಂಗದೆಯೇ ಕೇಳಿದೆ: "ಅದೇನ್ರಿ ಅವ್ವಾ, ಗಿಟಾರೇನು?"

ಬಸ್ತ್ಯಾವ್ ಎದ್ದು ಹೊರಗೆ ಹೋದ. ರೋಸಾಬಾಯಿ ಸೆರಗಿನಿಂದ ಕೈ ಒರೆಸಿಕೊಂಡರು. "ಹೌದು ತಮ್ಮಾ. ನನ್ನ ಸಣ್ಣ ಮಗಾ ಇನಾಸಂದು" ಎಂದವರು ತಡೆದು, "ಅವಂದೋ, ಯಾರದೋ, ದೇವರಿಗೇ ಗೊತ್ತು" ಎಂದರು.

ಉಳಿದದ್ದನ್ನು ಬಸ್ಸು ನಿಲ್ಲುವ ಕಡೆಗೆ ನಡೆಯುತ್ತ ಬಸ್ತ್ಯಾವ್ ಹೇಳಿದ. ಕೆಲವು ವರ್ಷಗಳ ಹಿಂದೆ ಇನಾಸ್ ಗೋವಾದ ಕಡಲ ದಂಡೆಯ ಹೋಟೆಲಿನಲ್ಲಿ ಅಡಿಗೆಮನೆ ಕೆಲಸಕ್ಕಿದ್ದ. ಅಲ್ಲಿ ಇಳಿದುಕೊಂಡಿದ್ದ ವಿದೇಶಿಯೊಬ್ಬನ ಕೆಂಪು ಗಿಟಾರು ಮಳೆಗಾಲಕ್ಕೆ ಸ್ವಲ್ಪ ಮೊದಲು ಕಳುವಾಯಿತು. ಮಳೆಗಾಲದಲ್ಲಿ ಹೋಟೆಲು ಬಂದ್ ಆಗುತ್ತಿದ್ದರಿಂದ ಇನಾಸ್ ಊರಿಗೆ ಬಂದ. ಮನೆಯಲ್ಲಿ ಸ್ವಲ್ಪ ದಿನ ಇದ್ದು ಕುಂಬಾರವಾಡದಲ್ಲಿದ್ದ ಮಾವಶಿಯ, ಅಂದರೆ ತಾಯಿಯ ತಂಗಿಯ ಮನೆಗೆ ಹೋದ. ಕ್ರಿಸ್‌ಮಸ್‌ಗೆ ಹೊಳ್ಳಿ ಬಂದಾಗ ಹೆಗಲಿಗೆ ಕೆಂಪು ಗಿಟಾರಿತ್ತು, ಅದರ ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಅಮೆರಿಕದ ಹೆಸರಿತ್ತು. ಅದೇ ಹೋಟೆಲಿನ ಹತ್ತಿರ ದುಡಿಯುತ್ತಿದ್ದ ಊರಿನ ಇಬ್ಬರು ಅದನ್ನು ನೋಡಿದರು. ಮುಂದೆ ಹೇಳುವುದೇನು! ಪೊಲೀಸರು ಬರಲೇ ಇಲ್ಲ. ಕಳ್ಳನೆಂದು ಹೆಸರಿಡಲು ಊರೇ ಸಾಕಾಯಿತು.

"ಅಂವಾ ಏನಂದ?" ಎಂದು ಕೇಳಿದೆ.

"ನಾನ ಮಾಡೇನಿ ಅಂದ. ಕುಂಬಾರವಾಡದಾಗ ಕುಂತು ಕೈಯಾರೆ ಮಾಡೇನಿ ಅಂತ. ಮಾವಶೀನೂ ಹೌದಂದಳು. ಆಕಿ ಅವನ ಪರ ಅನ್ನದ ಬಿಟ್ಟಾಳೇನ್ರಿ? ನೀವ ಹೇಳ್ರಿ ಮಿಸ್ತ್ರೀ, ಕರೆಂಟ್ ಇಲ್ಲದ ಊರಾಗ ಕುಂತು ಕರೆಂಟಿನ ಗಿಟಾರ್ ಮಾಡಾಕ ಬರತೈತೇನು?" ಬಸ್ತ್ಯಾವ್ ರಸ್ತೆಯ ಮೇಲಿನ ಕಲ್ಲೊಂದನ್ನು ಒದ್ದ. "ಖರೇ ಹೇಳು, ಇಲ್ಲಾ ಮನಿ ಬಿಡು ಅಂದೆ. ಬಿಟ್ಟ ಹೋದ. ಈಗ ಮಡಗಾಂವದಾಗ ಒಂದು ಬೇಕರ್ಯಾಗ ಅದಾನಂತ. ಹಬ್ಬಕ್ಕೂ ಬರೂದಿಲ್ಲ."

ಆ ವಾರವೆಲ್ಲ ನನಗೆ ಕೆಂಪು ಗಿಟಾರಿನದೇ ಧ್ಯಾನ. ಬರೀ ಕರುಣೆಯ ಧ್ಯಾನವಲ್ಲ. ಅಮೆರಿಕದ ಅಸಲಿ ಗಿಟಾರು ಹಳಿಯಾಳದ ಅಟ್ಟವೊಂದರ ಮೇಲೆ ಗೋಣಿಚೀಲದಲ್ಲಿದೆ ಎಂದರೆ ನನ್ನಂಥವನಿಗೆ ಊಟ ರುಚಿಸುತ್ತದೆಯೇ! ಮೋಟರಿಗೆ ತಂತಿ ಸುತ್ತುತ್ತಿದ್ದರೂ ಕಣ್ಣ ಮುಂದೆ ಅದೇ. ಹೀಗಿರುವಾಗ ಬಸ್ತ್ಯಾವ್ ಬಂದು, ತಾಯಿ ನನ್ನನ್ನು ಮತ್ತೆ ಬರಲು ಹೇಳಿದ್ದಾರೆ ಎಂದ. "ಅದರ ಮಾಲಕ ಯಾರು ಅಂತ ನಿಮಗ ತಿಳೀತೈತೇನು ಅಂತ ಕೇಳ್ಯಾಳ್ರಿ. ಗುರುತು ಹತ್ತಿದ್ರ ಹೊಳ್ಳಿ ಕೊಟ್ಟು ಬರೂಣು ಅಂತಾಳ. ಕೊಟ್ಟಬಿಟ್ರ ಇನಾಸ್ ತಲಿ ಎತ್ತಿ ಮನಿಗೆ ಬಂದಾನು ಅಂತ ಆಕಿ ಲೆಕ್ಕ."

ಭಾನುವಾರ ಹತ್ಯಾರಗಳ ಚೀಲ ಹಿಡಿದು ಹಳಿಯಾಳದ ಬಸ್ಸು ಹತ್ತಿದೆ. ಕೂತ ಮೇಲೆ ನನ್ನ ಕೆಲಸವೇನೆಂದು ಸರಿಯಾಗಿ ತಿಳಿಯಿತು. ಈ ಗಿಟಾರು ಅಸಲಿ ಎಂದು ನಾನು ಹೇಳಿದರೆ, ಒಬ್ಬ ತಾಯಿಗೆ ನಿನ್ನ ಮಗ ಕಳ್ಳ ಎಂದು ಹೇಳಿದಂತೆ. ಇಷ್ಟು ದಿನ ಬರೀ ಗುಮಾನಿಯಿತ್ತು, ನಾನು ಅದಕ್ಕೆ ಮುದ್ರೆ ಒತ್ತುವವನು. ಅಸಲಿ ವಸ್ತು ಸಿಗಲಿ ಎಂದು ಊರೂರು ತಿರುಗಿದವನು, ಕಿಟಕಿಯಾಚೆ ಸಾಗವಾನಿ ಮರಗಳು ಹಿಂದೆ ಹೋಗುತ್ತಿದ್ದಂತೆ, ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ: ದೇವರೇ, ಇದೊಂದು ನಕಲಿಯಾಗಿರಲಿ.

ಅಂಗಳದಲ್ಲಿ ಚಾಪೆ ಹಾಸಿ ಗೋಣಿಚೀಲ ಬಿಚ್ಚಿದರು. ಬೆಂಕಿಯಂಥ ಕೆಂಪು. ಆಕಾರ ಸರಿ, ಸೊಂಟದ ತಿರುವು ಸರಿ. ರೋಸಾಬಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಬಸ್ತ್ಯಾವ್ ದೂರ ಬಾಗಿಲಿಗೆ ಒರಗಿ ನಿಂತಿದ್ದ.

ಮೊದಲು ತಲೆಯ ಮೇಲಿನ ಹೆಸರನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಮತ್ತೊಮ್ಮೆ ಓದಿದೆ. ನಡುವೆ ಒಂದು ಅಕ್ಷರ ಕಡಿಮೆಯಿತ್ತು! ಅಮೆರಿಕದ ಕಂಪನಿ ತನ್ನ ಹೆಸರನ್ನೇ ತಪ್ಪು ಬರೆದೀತೇ? ಹತ್ತಿರ ಹಿಡಿದರೆ ಕುಂಚದ ಗೆರೆಗಳು ಕಂಡವು. ಆಗ ಆ ಹೆಸರನ್ನು ಊರವರೆಲ್ಲ ನೋಡಿದ್ದರು, ಯಾರೂ ಓದಿರಲಿಲ್ಲ.

ಆದರೆ ಹೆಸರು ನಕಲಿಯಾದ ಮಾತ್ರಕ್ಕೆ ಏನೂ ಹೇಳುವಂತಿಲ್ಲ, ಅದನ್ನು ಟಿಬೆಟನ್ ಕಾಲೊನಿಯಲ್ಲಿ ಕಲಿತಿದ್ದೆ. ಹೊರಳಿಸಿ ಸ್ಕ್ರೂ ನೋಡಿದೆ. ಒಂದೊಂದು ಒಂದೊಂದು ಜಾತಿ. ಎರಡು ಬಾಗಿಲಿನ ಬಿಜಾಗರಿಗೆ ಹಾಕುವಂಥವು. ಬಣ್ಣ ಎದ್ದ ಕಡೆ ಚಾಕುವಿನಿಂದ ಕೆರೆದರೆ ಕೆಳಗೆ ಬಿಳಿ ಹಳದಿಯ ಹಗುರ ಕಟ್ಟಿಗೆ. "ಇದು ಶಿವಣಿ ಕಟಿಗಿ ಅಲ್ಲೇನ್ರಿ?" ಎಂದೆ.

"ಮಾವಶಿ ಮನಿ ಮುಂದ ಗಾಳಿಗೆ ಒಂದು ಶಿವಣಿ ಗಿಡ ಬಿದ್ದಿತ್ತು" ಎಂದರು ರೋಸಾಬಾಯಿ, ಮೆಲ್ಲಗೆ.

ಗಿಟಾರಿನ ಕುತ್ತಿಗೆಯ ಮೇಲೆ ಬೆರಳೊತ್ತಲು ಅಡ್ಡಡ್ಡ ಲೋಹದ ಕಡ್ಡಿಗಳಿರುತ್ತವೆ. ಇದರಲ್ಲಿ ಆ ಕಡ್ಡಿಗಳು ಒಂದು ನಮೂನೆ ಬೇರೆ ಇದ್ದವು, ನಡುವೆ ಸಣ್ಣ ಕಾಲುವೆಯಂತೆ ತಗ್ಗು. ಎಲ್ಲೋ ನೋಡಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ ಬಾಗಿಲಿನಿಂದ ಬಸ್ತ್ಯಾವ್ ಎರಡು ಹೆಜ್ಜೆ ಮುಂದೆ ಬಂದಿದ್ದ. "ಮಿಸ್ತ್ರೀ, ಅವು ಛತ್ರಿ ಕಡ್ಡಿ ಇದ್ದಂಗ ಅದಾವಲ್ರಿ." ಆಮೇಲೆ ಇನ್ನೂ ಹತ್ತಿರ ಬಂದು, "ನನ್ನ ಛತ್ರಿ!" ಎಂದ. "ಆ ಮಳಿಗಾಲದಾಗ ಕಳದಿತ್ತು. ಇಡೀ ಮಳಿಗಾಲ ಕಂಬಳಿ ಕೊಪ್ಪಿ ಹಾಕ್ಕೊಂಡು ಯಾರ್ಡಿಗೆ ಹೋಗೇನ್ರಿ ನಾನು!"

ತಂತಿಗಳ ಕೆಳಗಿನ ಕರಿಯ ಪಟ್ಟಿಯನ್ನು ಬಿಚ್ಚಿ ಬೋರಲು ಹಾಕಿದೆ. ಅದು ತಗಡು. ಮೇಲೆ ಇನಾಸ್ ಕರಿ ಬಣ್ಣ ಬಳಿದಿದ್ದ, ಹಿಂದೆ ಬಳಿದಿರಲಿಲ್ಲ. ಅಲ್ಲಿ ಹಸಿರು ಎಲೆಯ ಚಿತ್ರವಿತ್ತು, ಅರ್ಧ ತುಂಡಾದ ಕನ್ನಡ ಅಕ್ಷರಗಳಿದ್ದವು. ರೋಸಾಬಾಯಿ ಬಾಯಿಗೆ ಕೈ ಹಚ್ಚಿದರು.

"ಅಯ್ಯ ದೇವಾ! ಇದು ನನ್ನ ಚಹಾಪುಡಿ ಡಬ್ಬಿ!"

ಸುರುಳಿಯ ಕೆಳಗಿನ ಅಯಸ್ಕಾಂತ ಸೈಕಲ್ ಡೈನಮೊದ್ದು. ಒಡೆದು ಸಾಲಾಗಿ ಕೂಡಿಸಿದ್ದ. ನಾನು ಹೇಳುವ ಮೊದಲೇ ಬಸ್ತ್ಯಾವ್‌ಗೆ ತಿಳಿಯಿತು. "ಅಡ್ನಾಡಿ! ನನ್ನ ಡೈನಮೊ! ಇದಕ್ಕ ಬಾಜೂ ಊರವ್ರ ಕೂಡ ಜಗಳಾ ಮಾಡಿದ್ನಲ್ರೀ ನಾನು!" ಎಂದವನು ಅಂಗಳದಲ್ಲಿ ಕುಕ್ಕರಿಸಿದ. ನಗುತ್ತಿದ್ದನೋ ಅಳುತ್ತಿದ್ದನೋ ಹೇಳಲಾರೆ, ಭುಜ ಮಾತ್ರ ಕುಣಿಯುತ್ತಿತ್ತು.

ನಾನು ಸುರುಳಿಯನ್ನು ನೋಡುತ್ತ ಕೂತೆ. ಸುಟ್ಟ ರೇಡಿಯೊದ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ತಂತಿ. ಯಂತ್ರವಿಲ್ಲದೆ, ಬೆರಳಿನಿಂದಲೇ ಸುತ್ತಿದ್ದ. ಹರಿದಲ್ಲೆಲ್ಲ ಬೆಸುಗೆ ಹಾಕಿ ಮತ್ತೆ ಮುಂದುವರಿಸಿದ್ದ. ಮಳೆ ಹೊಯ್ಯುವ ಕುಂಬಾರವಾಡದಲ್ಲಿ, ಕಂದೀಲಿನ ಬುಡದಲ್ಲಿ ಒಬ್ಬ ಹುಡುಗ ಹೋಟೆಲಿನಲ್ಲಿ ಕಂಡ ಕೆಂಪು ಗಿಟಾರನ್ನು ಕಣ್ಣಲ್ಲಿಟ್ಟುಕೊಂಡು ಇದನ್ನು ಸುತ್ತಿದ್ದಾನೆ. ಮೋಹ ಎಷ್ಟೆಂದರೆ ಅದರ ಬಣ್ಣ ಬಿಟ್ಟಿಲ್ಲ, ತಲೆಯ ಮೇಲಿನ ಹೆಸರೂ ಬಿಟ್ಟಿಲ್ಲ. ಅದೇ ಅವನಿಗೆ ಮುಳುವಾಯಿತು. ಅಮೆರಿಕದ ಗಿಟಾರು ಕೈತಪ್ಪಿದ ಸಂಕಟ ಒಂದು ಗಳಿಗೆ ಬಂದದ್ದು ನಿಜ, ಸುಳ್ಳು ಹೇಳುವುದೇಕೆ? ಅದು ಬಂದ ಹಾಗೆಯೇ ಹೋಯಿತು. ಎದೆಯ ಮೇಲಿನ ಬೀಸುಗಲ್ಲು ಇಳಿಸಿದಂತಾಗಿತ್ತು.

"ಅವ್ವಾ, ಇದರ ಮಾಲಕ ಸಿಕ್ಕ" ಎಂದೆ. "ನಿಮ್ಮ ಮಗನ. ಇದು ಪೂರಾ ನಕಲಿ."

ರೋಸಾಬಾಯಿ ಎದ್ದವರೇ ತಗಡಿನ ಪಟ್ಟಿಯನ್ನು ಎತ್ತಿಕೊಂಡು ಬೇಲಿಯ ಹತ್ತಿರ ಹೋದರು. ಪಕ್ಕದ ಮನೆಯವಳನ್ನು ಕೂಗಿ ಕರೆದರು. "ಬಾ ಇಲ್ಲೆ, ನೋಡು! ನನ್ನ ಮಗಾ ಕದ್ದಾನ! ನನ್ನ ಮನ್ಯಾಗ ಕದ್ದಾನ! ನನ್ನ ಡಬ್ಬಿ ಕದ್ದಾನ, ಅಣ್ಣನ ಛತ್ರಿ ಕದ್ದಾನ!" ಅಷ್ಟಕ್ಕೆ ಸಮಾಧಾನವಾಗದೆ ಮುಂದಿನ ಮನೆಗೂ ಹೋದರು, ಅದರ ಮುಂದಿನದಕ್ಕೂ. ಮಗ ಕಳ್ಳನೆಂದು ಇಷ್ಟು ಸಂತೋಷದಿಂದ ಊರು ತುಂಬ ಸಾರಿದ ತಾಯಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಎಲ್ಲವನ್ನೂ ಇದ್ದ ಹಾಗೆಯೇ ಮತ್ತೆ ಜೋಡಿಸಿದೆ. ಬಿಜಾಗರಿಯ ಸ್ಕ್ರೂ ಬದಲಿಸಲು ಮನಸ್ಸಾಗಲಿಲ್ಲ.

ಮರುದಿನವೇ ಬಸ್ತ್ಯಾವ್ ರಜೆ ಹಾಕಿ ಮಡಗಾಂವಕ್ಕೆ ಹೋದ. ತಮ್ಮನನ್ನು ಹೇಗೆ ಕರೆಯುತ್ತಾನೋ, ಏನು ಹೇಳುತ್ತಾನೋ ಎಂದು ನನಗೇ ಚಿಂತೆ. ಕ್ಷಮೆ ಕೇಳುವ ಜಾತಿಯವನಲ್ಲ ಅವನು. ಆಮೇಲೆ ಇನಾಸನೇ ನನಗೆ ಹೇಳಿದ. ಅಣ್ಣ ಬೇಕರಿಯ ಬಾಗಿಲಲ್ಲಿ ನಿಂತು "ಅವ್ವ ಕರದಾಳ, ನಡಿ" ಎಂದನಂತೆ. ಜೋಯಿಡಾದಲ್ಲಿ ಬಸ್ಸು ನಿಂತಾಗ ಇಳಿದು, ತಮ್ಮನ ಕೈಯಲ್ಲಿ ಬಿಸಿ ಮಿರ್ಚಿಭಜಿಯ ಪೊಟ್ಟಣವಿಟ್ಟು, ಬೇರೆ ಕಡೆ ನೋಡುತ್ತ, "ಡೈನಮೊ ನಾ ಹೊಸಾದು ಹಾಕಿಸಿಕೊಂಡೇನಿ. ಅದರ ಚಿಂತಿ ಮಾಡಬ್ಯಾಡ" ಎಂದನಂತೆ. ಇನಾಸನಿಗೆ ಅಷ್ಟು ಸಾಕಾಯಿತು.

ಮುಂದಿನ ಭಾನುವಾರ ಮೂವರೂ ನಮ್ಮ ಕ್ವಾರ್ಟರ್ಸಿಗೆ ಬಂದರು. ಅವರ ಊರಿಗೆ ಕರೆಂಟು ಬಂದಿರಲಿಲ್ಲವಾದ್ದರಿಂದ ಕರೆಂಟಿಗೆ ಹಚ್ಚಿದ ಆ ಗಿಟಾರಿನ ದನಿಯನ್ನು ಮನೆಯವರು ಯಾರೂ ಕೇಳಿರಲಿಲ್ಲ, ಮಾಡಿದವನೂ ಕೇಳಿರಲಿಲ್ಲ. ಕಸ್ತೂರಿ ಎಲ್ಲರಿಗೂ ಉಪ್ಪಿಟ್ಟು ಮಾಡಿದಳು. ಇನಾಸ್ ತೆಳ್ಳಗಿನ ಹುಡುಗ, ಬೆರಳು ಉದ್ದ, ನಾಚಿಕೆ ಬಹಳ. ನಾನು ಕೇಳಿಯೇಬಿಟ್ಟೆ: "ಅಲ್ಲೋ, ಅವತ್ತ ಬಿಚ್ಚಿ ತೋರಿಸಿದ್ರ ಎಲ್ಲಾ ಮುಗೀತಿತ್ತಲ್ಲ? ಯಾಕ ತೋರಿಸಲಿಲ್ಲ?"

ಅವನು ಅಣ್ಣನ ಕಡೆ ವಾರೆಗಣ್ಣಿನಿಂದ ನೋಡಿದ. "ನಾನ ಮಾಡೇನಿ ಅಂದ ಮ್ಯಾಲೂ ನಂಬಲಿಲ್ಲಲ್ರಿ, ಸಿಟ್ಟ ಬಂತು" ಎಂದ. ಸ್ವಲ್ಪ ತಡೆದು ಸೇರಿಸಿದ: "ಮತ್ತ, ಬಿಚ್ಚಿದ್ರ ಛತ್ರಿ ಕಾಣತಿತ್ತು. ಅಂವಾ ಆಗ ಬಾಳ ಹೊಡೀತಿದ್ದ್ರಿ."

ಬಸ್ತ್ಯಾವ್ ಉಪ್ಪಿಟ್ಟಿನ ತಟ್ಟೆಯಲ್ಲಿ ಮೂಗು ಹುದುಗಿಸಿದ. ಕಸ್ತೂರಿ ನಗು ತಡೆಯಲಾರದೆ ಒಳಗೆ ಓಡಿದಳು.

ಗಿಟಾರಿನ ವಾಯರನ್ನು ರೇಡಿಯೊದ ಬೆನ್ನಿಗೆ ಸಿಕ್ಕಿಸಿದೆ. ಮೊದಲು ಬರೀ ಗುಂಯ್ ಎಂಬ ಸದ್ದು. ಇನಾಸ್ ಗಿಟಾರನ್ನು ಕಿವಿಗೆ ಹಿಡಿದು ತಂತಿ ಬಿಗಿ ಮಾಡಿದ. ಆಮೇಲೆ ಒಂದೇ ತಂತಿ ಮೀಟಿದ. ದನಿ ಸಣ್ಣದು, ಸ್ವಲ್ಪ ಒಡಕು. ಕ್ಲಬ್ಬಿನ ಗಿಟಾರಿನ ಗತ್ತು ಅದಕ್ಕಿರಲಿಲ್ಲ. ಆದರೆ ಇನಾಸ್ ಬೆಚ್ಚಿಬಿದ್ದ. ಗಿಟಾರನ್ನು ದೂರ ಹಿಡಿದು ಅದನ್ನೇ ಮಿಕಿಮಿಕಿ ನೋಡಿದ. ಮತ್ತೆ ಮೀಟಿದ. ಆಮೇಲೆ ನಿಲ್ಲಿಸಲೇ ಇಲ್ಲ. ಅವನ ತಾಯಿ ಗದ್ದೆಯಲ್ಲಿ ನಾಟಿ ಮಾಡುವಾಗ ಗುನುಗುವ ಒಂದು ಧಾಟಿಯಂತೆ ಅದು. ಅದನ್ನೇ ಹಿಂದೆ ಮುಂದೆ ಮಾಡಿ ನುಡಿಸುತ್ತ ಹೋದ. ಕಿಟಕಿಯಲ್ಲಿ ಅಕ್ಕಪಕ್ಕದವರ ಮುಖಗಳು ಕೂಡಿದವು. ಈ ಸಲ ಏನಾದರೂ ಸುಟ್ಟಿತೇ ಎಂದು ಯಾರೂ ಕೇಳಲಿಲ್ಲ.

ಹೊರಗೆ ಮಧ್ಯಾಹ್ನದ ಬಿಸಿಲು. ರೋಸಾಬಾಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಬಂದಾಗಿನಿಂದ ಎಲ್ಲರ ಕೂಡ ಬಾಯಿ ತುಂಬ ಮಾತಾಡುತ್ತಿದ್ದವರು ಎಷ್ಟು ಹೊತ್ತಿಗೆ ಸುಮ್ಮನಾದರೋ ನಾವು ಗಮನಿಸಿರಲಿಲ್ಲ. ನೋಡಿದರೆ ತಲೆ ಒಂದು ಕಡೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಗಾಢ ನಿದ್ರೆ. ನಾನು ರೇಡಿಯೊ ಸಣ್ಣ ಮಾಡಲು ಕೈ ಚಾಚಿದೆ. ಇನಾಸ್ ಅದನ್ನು ಕಂಡು ತಂತಿಗಳ ಮೇಲೆ ಅಂಗೈ ಇಡಲು ಹೋದ.

ಬಸ್ತ್ಯಾವ್ ಅವನ ಮಣಿಕಟ್ಟು ಹಿಡಿದ.

"ನಿಲ್ಲಿಸಬ್ಯಾಡ, ಬಾರಸು" ಎಂದ ಪಿಸುದನಿಯಲ್ಲಿ. "ನಿಲ್ಲಿಸಿದ್ರ ಎದ್ದಾಳು."